ಮೇಲಿನ ಮನೆಯ ಫ್ರೆಂಚ್ ಮೇಡಂ

ದೇವರು ಎಲ್ಲರಿಗೂ ಮೊದಲು ದೇಹ ಮಾಡಿ ಆಮೇಲೆ ಕಿವಿ ಅಂಟಿಸುತ್ತಾನೆ. ನಮ್ಮ ಮೇಲಿನ ಮನೆಯ ಮೇಡಂ ವಿಷಯದಲ್ಲಿ ಮಾತ್ರ ಮೊದಲು ಎರಡು ಕಿವಿ ಮಾಡಿಟ್ಟು, ಇವನ್ನು ಹೊತ್ತು ತಿರುಗಲು ಯಾರಾದರೂ ಬೇಕಲ್ಲ ಎಂದು ಆಮೇಲೆ ಆಕೆಯನ್ನು ಮಾಡಿದನೆಂದು ನನ್ನ ಬಲವಾದ ಗುಮಾನಿ.

ಆಗ ಜರ್ಮನಿ ಹೊರದೇಶದ ಕಂಪ್ಯೂಟರ್ ಎಂಜಿನಿಯರರನ್ನು ಗ್ರೀನ್ ಕಾರ್ಡು ಕೊಟ್ಟು ಕರೆಸಿಕೊಳ್ಳುತ್ತಿದ್ದ ಕಾಲ. ನಮ್ಮವರು ಮೈಸೂರಿನಿಂದ ಬಂದು ವಾಲ್‌ಡಾರ್ಫ್‌ನಲ್ಲಿ ಕೆಲಸಕ್ಕೆ ಸೇರಿದ್ದರು, ಮನೆ ಹೈಡೆಲ್‌ಬರ್ಗ್‌ನಲ್ಲಿ. ಕಾರ್ಡು ಸಿಕ್ಕಿದ್ದು ಅವರಿಗೆ, ಅಡುಗೆಮನೆ ಸಿಕ್ಕಿದ್ದು ನನಗೆ. ಹೆಂಡತಿಯರಿಗೆ ಕೆಲಸ ಮಾಡುವ ಅನುಮತಿ ಇನ್ನೂ ಇರಲಿಲ್ಲ. ಹಾಗಾಗಿ ಒಂದು ಬೆಳಿಗ್ಗೆ, ಊರಿನಿಂದ ಮಗುವಿನಂತೆ ಹೊತ್ತು ತಂದಿದ್ದ ಗ್ರೈಂಡರಿಗೆ ಉದ್ದು ಹಾಕಿ ಸ್ವಿಚ್ ಒತ್ತಿದೆ. ನಮ್ಮವರು ಹಲ್ಲುಜ್ಜುವ ಬ್ರಷ್ ಹಿಡಿದೇ ಓಡಿ ಬಂದರು.

“ಏನೇ ಮಾಡ್ತಿದೀಯ? ಇವತ್ತು ಸಂಡೇ ಕಣೇ! ಇಲ್ಲಿ ಸಂಡೇ ಸೌಂಡ್ ಮಾಡಿದ್ರೆ ನೇಬರ್ಸ್ ಕಂಪ್ಲೇಂಟ್ ಕೊಡ್ತಾರೆ. ಆಫ್ ಮಾಡು ಮೊದ್ಲು.”

ಆಫ್ ಮಾಡಿದೆ. ಮರುಕ್ಷಣವೇ ಬಾಗಿಲು ಬಡಿದ ಸದ್ದು. ತೆಗೆದರೆ, ನೈಟಿಯ ಮೇಲೆ ಗಂಡಸರ ಕೋಟು ಹಾಕಿಕೊಂಡ, ಬೆಳ್ಳಿಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಮುದುಕಿ.

“ಸಾರಿ ಮೇಡಂ, ಇನ್ನು ಮೇಲೆ ಭಾನುವಾರ ಹಾಕಲ್ಲ,” ಎಂದೆ ನನ್ನ ಮೈಸೂರು ಇಂಗ್ಲಿಷಿನಲ್ಲಿ.

“ನಿಲ್ಲಿಸಿದ್ದು ಯಾಕೆ ಅಂತ ಕೇಳಲು ಬಂದೆ,” ಎಂದರು ಆಕೆ ತಮ್ಮ ಫ್ರೆಂಚ್ ಇಂಗ್ಲಿಷಿನಲ್ಲಿ. “ಎಷ್ಟು ಒಳ್ಳೆಯ ಶ್ರುತಿ ಹಿಡಿದಿತ್ತು! ಮತ್ತೆ ಹಾಕಿ. ವಾರಗಟ್ಟಲೆಯಿಂದ ಒಂದು ಕಡೆ ಸಿಕ್ಕಿಕೊಂಡು ಕೂತಿದ್ದೇನೆ, ಈಗ ದಾರಿ ಕಾಣುತ್ತಿದೆ.”

ಆಮೇಲೆ ನೆಲದ ಮೇಲೆ ಕುಳಿತು, ಗ್ರೈಂಡರಿಗೆ ಕಿವಿ ಕೊಟ್ಟು, ನಮ್ಮವರು ಓದದೆ ಇಟ್ಟಿದ್ದ ಪೇಪರಿನ ಅಂಚಿನಲ್ಲಿ ಬರೆಯತೊಡಗಿದರು. ನಿಲ್ಲಿಸುವ ಧೈರ್ಯ ಯಾರಿಗಿದೆ? ಹಿಟ್ಟು ನುಣ್ಣಗಾಯಿತು, ಬಿಸಿಯಾಯಿತು, ಅಂಟಾಯಿತು. ಮರುದಿನ ಮಾಡಿದ ಆ ಹಿಟ್ಟಿನ ಇಡ್ಲಿ ಗೋಡೆಗೆ ಎಸೆದರೆ ಪುಟಿದು ವಾಪಸು ಬರುವಂತಿತ್ತು. ತಿಂಡಿಗೆ ಬಂದ ಮೇಡಂ ಮಾತ್ರ ಮತ್ತೆ ಮತ್ತೆ ಹಾಕಿಸಿಕೊಂಡು ತಿಂದು, “ಸ್ವಲ್ಪವೂ ಸದ್ದು ಮಾಡದ ತಿಂಡಿ. ನಮ್ಮ ಬ್ರೆಡ್ಡಿಗೆ ಈ ಸಂಸ್ಕಾರವಿಲ್ಲ,” ಎಂದು ಸರ್ಟಿಫಿಕೇಟ್ ಕೊಟ್ಟರು.

ಆಕೆ ಸಂಗೀತ ರಚಿಸುವವರೆಂದು ಆಗಲೇ ಗೊತ್ತಾದದ್ದು. ಹಾಡುವುದಿಲ್ಲ, ಕಛೇರಿ ಕೊಡುವುದಿಲ್ಲ. ಪಿಟೀಲಿನಿಂದ ನಗಾರಿಯವರೆಗೆ ಯಾವ ವಾದ್ಯ ಎಲ್ಲಿ ಬಾಯಿ ತೆರೆಯಬೇಕು, ಎಲ್ಲಿ ಮುಚ್ಚಬೇಕು ಎಂದು ಕೂತು ಬರೆದುಕೊಡುವ ಕೆಲಸ. ನಮ್ಮ ಮನೆಗಳಲ್ಲಿ ಅತ್ತೆಯರು ಈ ಕೆಲಸವನ್ನು ಬರೆಯದೆಯೇ ಮಾಡುತ್ತಾರೆ.

ಅಲ್ಲಿಂದಾಚೆಗೆ ಹಗಲು ಹೊತ್ತು ನಾನು ಆಕೆಯ ಬಳಿ ಜರ್ಮನ್ ಕಲಿಯುವುದು, ಆಕೆ ನನ್ನ ಬಳಿ ತಿಂಡಿ ತಿನ್ನುವುದು ಎಂದು ಒಪ್ಪಂದವಾಯಿತು. ಆರು ತಿಂಗಳ ನಂತರ ಹೈಡೆಲ್‌ಬರ್ಗ್‌ನ ಜರ್ಮನ್ ತರಗತಿಗೆ ಸೇರಲು ಹೋದಾಗ, ಟೀಚರ್ ನನ್ನ ಮಾತನ್ನು ಕಣ್ಣರಳಿಸಿ ಕೇಳಿ, “ನೀವು ಇಂಡಿಯಾದವರು ಸರಿ. ಆದರೆ ಜರ್ಮನ್ ಮಾತಾಡುವಾಗ ಫ್ರಾನ್ಸಿನ ಅಜ್ಜಿ ಆಗುತ್ತೀರಲ್ಲ, ಅದು ಹೇಗೆ?” ಎಂದರು.

ಪಾಠದ ನಡುವೆ ಆಕೆಯ ಕಥೆಯೂ ಹೊರಬಂತು. ಹುಟ್ಟಿದ್ದು ಜರ್ಮನಿಯ ಗಡಿಗೆ ಅಂಟಿಕೊಂಡ ಫ್ರಾನ್ಸಿನ ಅಲ್ಸಾಸ್ ಸೀಮೆಯಲ್ಲಿ, ಬೇಕರಿಯವನ ಮಗಳಾಗಿ. ಕಾಲು ನೆಲಕ್ಕೆ ಎಟುಕದ ವಯಸ್ಸಿನಲ್ಲೇ ಚರ್ಚಿನ ಆರ್ಗನ್ ನುಡಿಸುತ್ತಿದ್ದರಂತೆ. ಆ ವಾದ್ಯಕ್ಕೆ ಗಾಳಿ ಬೇಕು. ತಿದಿ ಒತ್ತುವವನು ಅಣ್ಣ. ಜಗಳವಾದ ದಿನ ಅಣ್ಣ ನಡುವೆಯೇ ಕೈ ಬಿಡುತ್ತಿದ್ದ. ಸ್ತೋತ್ರ ಎಮ್ಮೆ ನರಳಿದಂತೆ ನರಳಿ ನಿಲ್ಲುತ್ತಿತ್ತು, ಪಾದ್ರಿ ಇಬ್ಬರ ಕಿವಿಯನ್ನೂ ಹಿಂಡುತ್ತಿದ್ದರು.

ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಆ ಅಣ್ಣನನ್ನು ಬಲವಂತವಾಗಿ ತಮ್ಮ ಸೈನ್ಯಕ್ಕೆ ಎಳೆದೊಯ್ದರು. ಕುಂಟುತ್ತ ವಾಪಸು ಬಂದ. ತಂಗಿ ಪ್ಯಾರಿಸ್ಸಿಗೆ ಹೋಗಿ ಓದಿ, ಬಹುಮಾನ ಗೆದ್ದು, ಹೆಸರು ಮಾಡುವ ಹೊತ್ತಿಗೆ ಒಬ್ಬ ಜರ್ಮನ್ ವಾದ್ಯಗಾರನನ್ನು ಮೆಚ್ಚಿ ಮದುವೆಯಾದರು. “ಇನ್ನು ನನಗೆ ತಂಗಿ ಇಲ್ಲ,” ಎಂದ ಅಣ್ಣ. ಆಮೇಲೆ ಒಂದು ಮಾತಿಲ್ಲ.

ಜರ್ಮನಿಯಲ್ಲಿ ಆಕೆ ಫ್ರೆಂಚ್ ಹೆಂಗಸು, ಫ್ರಾನ್ಸಿನಲ್ಲಿ ಜರ್ಮನ್ನನ ಹೆಂಡತಿ. ಎರಡೂ ಕಡೆಯ ವಾದ್ಯವೃಂದಗಳು ‘ಆಕೆ ನಿಮ್ಮವಳು’ ಎಂದು ಒಂದನ್ನೊಂದು ತೋರಿಸಿ ಕೈ ತೊಳೆದುಕೊಂಡವು. ಹೊಟ್ಟೆಪಾಡಿಗೆ ರೇಡಿಯೋ ನಾಟಕಗಳಿಗೆ ಗುಡುಗು, ದೆವ್ವ, ಪ್ರೇಮ ಎಲ್ಲವನ್ನೂ ಬರೆದರು. ನಡುನಡುವೆ ಸಿಂಫನಿಗಳನ್ನೂ ಬರೆದಿಟ್ಟರು. ಅವನ್ನು ಕೇಳಿದವರು ಬೆರಳೆಣಿಕೆಯಷ್ಟು. ಆದರೆ ಒಂದು ಶಾವಿಗೆ ಜಾಹೀರಾತಿಗೆ ಬರೆದ ಪುಟ್ಟ ರಾಗವನ್ನು ಇಡೀ ದೇಶವೇ ಸ್ನಾನದ ಮನೆಯಲ್ಲಿ ಗುನುಗುತ್ತಿತ್ತು! ಒಮ್ಮೆ ಅಂಗಡಿಯ ಸ್ಪೀಕರಿನಲ್ಲಿ ಅದು ಬಂದಾಗ ಮೇಡಂ ಕ್ಯಾಷಿಯರ್ ಹುಡುಗಿಯ ಬಳಿ ಹೋಗಿ, “ಬಹಳ ನಿಧಾನವಾಗಿ ನುಡಿಸುತ್ತಿದ್ದಾರೆ. ಬರೆದವಳು ನಾನು, ನನಗೆ ಗೊತ್ತು,” ಎಂದರು. ಆ ಹುಡುಗಿ ನನ್ನ ಕಡೆ ತಿರುಗಿ ಮೆಲ್ಲಗೆ, “ನೀವು ಇವರನ್ನು ನೋಡಿಕೊಳ್ಳುವವರಾ?” ಎಂದಳು. ಮೇಡಂ ದಾರಿಯುದ್ದಕ್ಕೂ ನಕ್ಕರು. ಕಹಿ ಎಂಬುದು ಆಕೆಯ ಬಳಿ ಸುಳಿಯುತ್ತಿರಲಿಲ್ಲ. ನಾನಾಗಿದ್ದರೆ ಆ ಅಂಗಡಿಗೆ ಮತ್ತೆ ಕಾಲಿಡುತ್ತಿರಲಿಲ್ಲ.

ನಾವು ಬಂದ ಎರಡನೆಯ ವರ್ಷ, ಮೇಡಂಗೆ ತಾವು ಹುಟ್ಟಿದ ಊರಿನಿಂದ ಕರೆ ಬಂತು. ಆಕೆಯ ಒಂದು ಸಿಂಫನಿಯನ್ನು ಭಾನುವಾರ ಮಧ್ಯಾಹ್ನ ನುಡಿಸುತ್ತಾರಂತೆ, ಬರಬೇಕಂತೆ. “ನಾನಿಲ್ಲದೆಯೂ ಅದು ನುಡಿಯುತ್ತದೆ,” ಎಂದು ಮೇಡಂ ಹಟ ಹಿಡಿದರು. ನಮ್ಮವರು ಕಾರಿನಲ್ಲಿ ಕರೆದೊಯ್ಯುತ್ತೇನೆಂದರು. ಬೇಡವಂತೆ. ಕೊನೆಗೆ ನನ್ನೊಬ್ಬಳ ಮುಂದೆ ಹೇಳಿದರು: “ಅಣ್ಣ ಅದೇ ಊರಿನಲ್ಲಿದ್ದಾನೆ. ಹೋಗದಿದ್ದರೆ, ಅವನು ಬಂದಿರಬಹುದು ಅಂದುಕೊಂಡು ನಾನು ನೆಮ್ಮದಿಯಾಗಿ ಸಾಯಬಹುದು. ಹೋದರೆ, ಅವನು ಬಾರದಿದ್ದುದನ್ನು ನೋಡಬೇಕು.”

“ಅವರು ಬಂದು, ನೀವೇ ಇಲ್ಲದಿದ್ದರೆ?” ಎಂದೆ.

ಮೇಡಂ ಎದ್ದು ಹೋದರು. ಭಾನುವಾರ ಬೆಳಿಗ್ಗೆ ನೋಡಿದರೆ, ಹ್ಯಾಟು ಹಾಕಿಕೊಂಡು ನಮ್ಮ ಕಾರಿಗೆ ಒರಗಿ ನಿಂತಿದ್ದಾರೆ.

ರೈನ್ ನದಿಯ ಸೇತುವೆ ದಾಟುವಾಗ, “ಗಡಿ ಎಲ್ಲಿ?” ಎಂದರು. “ದಾಟಿ ಆಯ್ತು ಮೇಡಂ, ಈಗ ಯಾರೂ ನಿಲ್ಸಲ್ಲ,” ಎಂದರು ನಮ್ಮವರು. ಮೇಡಂ ಹಿಂದೆ ತಿರುಗಿ ಗಡಿಯ ಖಾಲಿ ಚೌಕಿಯನ್ನು ಬಹಳ ಹೊತ್ತು ನೋಡಿದರು.

ಸಭಾಂಗಣ ತುಂಬಿತ್ತು. ಆಕೆ ಮುಂದಿನ ಸಾಲಿನಲ್ಲಿ ಕುಳಿತವರು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಸಿಂಫನಿಯ ನಡುವೆ ಒಂದೆಡೆ ಎಲ್ಲ ವಾದ್ಯಗಳೂ ಸುಮ್ಮನಾದವು. ಕೊಳಲೊಂದೇ ಎರಡು ಸ್ವರ ನುಡಿಸಿತು. ಕಾಯಿತು. ಮತ್ತೆ ಅದೇ ಎರಡು ಸ್ವರ. ಕೋಗಿಲೆ ಇರಬೇಕು ಎಂದುಕೊಂಡೆ.

ಚಪ್ಪಾಳೆ, ಹೂಗುಚ್ಛ ಎಲ್ಲ ಮುಗಿದು ಜನ ಕರಗುತ್ತಿದ್ದಾಗ, ಹಿಂದಿನ ಸಾಲಿನಿಂದ ಊರುಗೋಲು ಹಿಡಿದ ಮುದುಕರೊಬ್ಬರು ಕುಂಟುತ್ತ ಬಂದರು. ಕುಳಿತಿದ್ದ ಮೇಡಂ ಪಕ್ಕದ ಕುರ್ಚಿಯ ಮೇಲಿದ್ದ ಹೂಗುಚ್ಛವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು. ಅವರ ಮನೆಮಾತು ಅರ್ಧ ಜರ್ಮನ್ನಿನಂತೆಯೇ ಇರುವುದರಿಂದ ನನಗೂ ತಿಳಿಯಿತು.

“ಆ ಕೊಳಲು,” ಎಂದರು ಅಣ್ಣ. “ನಮ್ಮಮ್ಮ ಕಿಟಕಿಯಿಂದ ಊಟಕ್ಕೆ ಕರೀತಿದ್ದದ್ದು ಅಲ್ವಾ?”

ಮೇಡಂ ಮುಖವೆತ್ತಿ ನೋಡಿದರು.

“ಹೂಂ. ಕರೆದು ಎಷ್ಟು ಹೊತ್ತಾಯ್ತು. ಈಗ ಬಂದೆಯಾ?”

ಅಣ್ಣ ಊರುಗೋಲನ್ನು ನಮ್ಮವರ ಕೈಗೆ ಕೊಟ್ಟು ತಂಗಿಯ ಪಕ್ಕ ಕುಳಿತರು. ಆ ಸಂಜೆ ನಾವಿಬ್ಬರೇ ಹೈಡೆಲ್‌ಬರ್ಗ್‌ಗೆ ಮರಳಿದೆವು.