ಕಚೇರಿ ಮುಂದಿನ ಒಡಪು

ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ ಮಸ್ಕಿಯ ಒಂದು ಸರ್ಕಾರಿ ಕಚೇರಿ, ಸಾರ್ವಜನಿಕರ ಭಾಷೆಯಿಂದ ತನ್ನ ಮನಸ್ಸಿಗೆ ನೋವಾಗಿದೆಯೆಂದು ಅಧಿಕೃತವಾಗಿ ಪ್ರಕಟಿಸಿತು. ನಳದಲ್ಲಿ ನೀರು ಬಾರದ ಓಣಿಯವರು ಕಚೇರಿಯ ಗೋಡೆಯ ಮೇಲೆ ಇದ್ದಲಿಯಲ್ಲಿ ಬರೆದದ್ದನ್ನು ಸಾಹೇಬರಾದ ವೆಂಕೋಬರಾಯರು ಎರಡೆರಡು ಸಲ ಓದಿ, ಸುಣ್ಣ ಬಳಿಸಿ, ಅದೇ ಜಾಗದಲ್ಲಿ ಕರಿಹಲಗೆ ತೂಗುಹಾಕಿಸಿದರು.

ನಿಯಮ ಸರಳವಾಗಿತ್ತು. ‘ಟೀಕೆ ಮಾಡುವವರು ಮೊದಲು ಅಧಿಕಾರಿಯ ಹೆಸರು ಹಿಡಿದು ಮನಸಾರೆ ಹೊಗಳತಕ್ಕದ್ದು. ಅನಂತರ ಸೌಮ್ಯವಾಗಿ, ರಚನಾತ್ಮಕವಾಗಿ ಅಹವಾಲು ಹೇಳತಕ್ಕದ್ದು. ಬೈಯುವ ಓಣಿಯ ಅಹವಾಲನ್ನು ಕೈಬಿಡಲಾಗುವುದು.’ ಅಕ್ಷರ ಬಾರದವರ ಮಾತನ್ನು ಗುಮಾಸ್ತ ಬಾಬುಸಾಬ್ ಹಲಗೆಗೆ ಏರಿಸಬೇಕು.

ಗ್ಯಾನಮ್ಮನ ಮನೆಯಲ್ಲಿ ಸೊಸೆ ಹಸಿ ಬಾಣಂತಿ. ಕೂಸಿಗೆ ಎರೆಯಲು ಒಂದು ಚರಿಗೆ ನೀರಿಲ್ಲ. ಗಂಡ ಮಾನಪ್ಪನ ಕೈಗೆ ಖಾಲಿ ಕೊಡ ಕೊಟ್ಟು ಕರೆದುಕೊಂಡು ಬಂದಳು. ಹೊಗಳಲು ಬಾಯಿ ತೆರೆದರೆ ಬರುವುದೆಲ್ಲ ಬೈಗುಳ. ಆಕೆ ಮೊಮ್ಮಗನನ್ನು ಮುದ್ದಾಡುವುದೂ ಬೈದೇ.

“ಸಾಹೇಬ್ರ ಹೆಸರು ಹಿಡಿದು ಚಲೋ ಮಾತು ಹೇಳಬೇ ಯಮ್ಮಾ,” ಅಂದ ಬಾಬುಸಾಬ್.

ಗಂಡಸಿನ ಹೆಸರು ಹಿಡಿದು ಚಲೋ ಮಾತು ಹೇಳುವುದಕ್ಕೆ ಆಕೆಗೆ ಗೊತ್ತಿದ್ದುದು ಒಂದೇ ದಾರಿ. ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು ಗಂಡನ ಹೆಸರು ಕೇಳಿದಾಗ ಪ್ರಾಸ ಕಟ್ಟಿ ಹೇಳುವ ಒಡಪು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಈ ವಯಸ್ಸಿನಲ್ಲೂ ನಾಚಿಕೆಯಾಯಿತು.

“ಹಿತ್ತಾಳಿ ಕೊಡದಾಗ ತಣ್ಣನ್ನ ನೀರು, ವೆಂಕೋಬರಾಯರ ಹೆಸರ ಹೇಳ್ತೀನಿ, ಕೇಳ್ರಿ ಎಲ್ಲಾರು.”

ಸಾಹೇಬರು ಒಳಗಿಂದ ನಾಚಿ ಕೆಂಪಾಗಿ ಹೊರಬಂದರು. ಇಷ್ಟು ರಚನಾತ್ಮಕವಾದ ಟೀಕೆ ತಮ್ಮ ಸೇವಾವಧಿಯಲ್ಲೇ ಬಂದಿಲ್ಲವೆಂದು ಹೇಳಿ, ಓಣಿಗೆ ಅರ್ಧ ಗಂಟೆ ನೀರು ಬಿಡಿಸಿದರು. ಕೂಸಿನ ಮೈಗೆ ನೀರು ಬಿತ್ತು.

“ನನ್ನ ಹೆಸರಿಗೆ ಇಷ್ಟು ಚಲೋ ಒಡಪು ಎಂದೂ ಹಾಕಿಲ್ಲ ನೀ,” ಅಂದ ಮಾನಪ್ಪ.

“ನಿನ್ನ ಹೆಸರು ಹೇಳಿದ್ರ ನೀರು ಬರ್ತಾವೇನು?”

ಮಾನಪ್ಪನಿಗೆ ಮಾತು ನ್ಯಾಯವೆನಿಸಿತು.

ಮರುದಿನ ನಳ ಒಣಗಿತು. ವಿಚಾರಿಸಿದರೆ, ಒಂದು ಒಡಪಿಗೆ ಅರ್ಧ ಗಂಟೆ ನೀರು ಎಂಬ ಸುತ್ತೋಲೆ ಆಗಲೇ ಹೊರಟಿತ್ತು. ಓಣಿಯ ಹೆಂಗಸರು ಸಾಹೇಬರ ಹೆಸರಿಗೆ ಒಡಪು ಹಾಕಲು ಪಾಳಿ ಹಚ್ಚಿದರು, ಗಂಡಸರು ಕೊಡ ಹೊತ್ತರು. ಸಾಹೇಬರ ಹೆಂಡತಿ ಟ್ರಂಕು ಹಿಡಿದು ತವರೂರು ಮುದಗಲ್ಲಿನ ಬಸ್ಸು ಹತ್ತಿದರು. ಮೊದಲು ಹೊಗಳದೆ ಹೋದದ್ದರಿಂದ ಅದನ್ನು ಟೀಕೆಯೆಂದು ಪರಿಗಣಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ.

ಬೇಸಿಗೆಯಲ್ಲಿ ಅದೇ ಓಣಿಯ ಪೀರಮ್ಮನ ಮದುವೆ ಪಕ್ಕದ ಮನೆಯ ಅಂಬಪ್ಪನ ಜೊತೆ ಆಯಿತು. ಹೊಸ್ತಿಲಲ್ಲಿ ಗ್ಯಾನಮ್ಮ ಅಡ್ಡ ನಿಂತು ಗಂಡನ ಹೆಸರು ಕೇಳಿದಳು. ಮದುಮಗಳು ತಲೆ ತಗ್ಗಿಸಿ, ರೂಢಿಯಂತೆ, ವೆಂಕೋಬರಾಯರ ಹೆಸರು ಹೇಳಿದಳು.

ಯಾರೂ ನಗಲಿಲ್ಲ. ಅಂಬಪ್ಪ ಬಾಸಿಂಗ ಬಿಚ್ಚಿಟ್ಟು, ಕೊಡ ತಗೊಂಡು ನಳದ ಕಡೆ ಓಡಿದ.