ಭಜಿ ಪೇಪರಿನ ವಿಶ್ವವಿದ್ಯಾಲಯ

ದಕ್ಷಿಣ ಆಫ್ರಿಕಾದ ವಿಶ್ವವಿದ್ಯಾಲಯವೊಂದರ ಇತಿಹಾಸವನ್ನು ಬಲ್ಲವರು ಇಡೀ ಭಾಲ್ಕಿ ತಾಲೂಕಿನಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಕಾಕಾ. ಓದಿದ್ದು ನಾಲ್ಕನೇ ಇಯತ್ತೆ. ಆ ದೇಶ ಎಲ್ಲಿದೆ ಎಂದರೆ "ಹುಮನಾಬಾದ ದಾಟಿ ಮುಂದ" ಎನ್ನುವಷ್ಟು ಭೂಗೋಳ. ಇತಿಹಾಸವನ್ನು ಮಾತ್ರ ಕೇಳಬೇಡಿ. ಕೇಳದಿದ್ದರೂ ಹೇಳುತ್ತಾರೆ!

ಇಷ್ಟು ವಿದ್ಯೆ ಎಲ್ಲಿಂದ ಬಂತು ಅಂತೀರಾ? ಬೀದರ ಬಸ್ ಸ್ಟ್ಯಾಂಡಿನಲ್ಲಿ ಮೆಣಸಿನಕಾಯಿ ಭಜಿ ಕಟ್ಟಿಕೊಟ್ಟ ಪೇಪರಿನಿಂದ. ಓದದೆ ಯಾವ ಪೇಪರಿಗೂ ಕೈ ಒರೆಸಬಾರದೆಂಬುದು ಕಾಕಾನ ನೇಮ. ಬಿಳಿಯರು ತಮ್ಮ ಮಕ್ಕಳಿಗಾಗಿ ಆ ವಿಶ್ವವಿದ್ಯಾಲಯ ಕಟ್ಟಿದ್ದು, ಆಫ್ರಿಕಾನ್ಸ್ ಎಂಬ ತಮ್ಮ ಭಾಷೆಯಲ್ಲೇ ಪಾಠ ನಡೆಸಿದ್ದು, ಎಷ್ಟೋ ವರ್ಷಗಳ ಮೇಲೆ ಕಪ್ಪು ಜನರ ಮಕ್ಕಳಿಗೂ ಬಾಗಿಲು ತೆರೆದದ್ದು, ಎಲ್ಲ ಅದರಲ್ಲಿತ್ತು. ಮಕ್ಕಳೇನೋ ಒಳಗೆ ಬಂದರು, ಆದರೆ ಪಾಠ… ಅಲ್ಲಿಗೆ ಪೇಪರ್ ಹರಿದಿತ್ತು. ಉಳಿದರ್ಧ ಕೊಡು ಎಂದು ಕಾಕಾ ಗಂಟುಬಿದ್ದರೆ, ಅದರಲ್ಲಿ ಕಟ್ಟಿದ ಭಜಿ ಔರಾದ ಬಸ್ಸಿಗೆ ಹೋಯಿತೆಂದನಂತೆ ಭಜಿಯವ. ಮರುದಿನವೇ ಕಾಕಾಗೆ ಔರಾದ ಕಡೆಯ ಚಿಂತಾಕಿಯ ಬೀಗರು ನೆನಪಾದರು; ಅವರ ಮನೆಗೇ ಹೋಗಿ ಭಜಿ ಕಟ್ಟಿದ ಪೇಪರ್ ಕೇಳಿದರು. ಬೀಗರಿಗೆ ಏನೂ ಅರ್ಥವಾಗಲಿಲ್ಲ, ಪಾಪ.

ನಾನು ಪಿಯುಸಿ ಸೇರಿದ ಆ ವರ್ಷ ಬರ. ಅಪ್ಪ, ಅವ್ವ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೋದರು. ನಾನು ಖಟಕ ಚಿಂಚೋಳಿಯಲ್ಲಿ ಕಾಕಾನ ಮನೆಯಲ್ಲಿದ್ದು ಭಾಲ್ಕಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಊರಿಗೆಲ್ಲ ಟ್ಯಾಂಕರ್ ನೀರೇ ಗತಿ. ಎರಡು ಕೊಡ ಹಿಡಿದು ಪಾಳಿಯ ಕೊನೆಗೆ ನಿಂತ ಕಾಕಾ, "ಮೊದಲ ಅಲ್ಲಿ ಬರೇ ಬಿಳಿ ಮಂದಿನೇ ಇದ್ರು ನೋಡ್ರಿ" ಎಂದು ಸುರುಮಾಡಿದರೆ ಸಾಕು, ಮುಂದಿನವರು "ನೀವ ಮುಂದ ಹೋಗ್ರಿ" ಎಂದು ಜಾಗ ಬಿಡುತ್ತಿದ್ದರು. ಕಪ್ಪು ಜನರಿಗೆ ಬಾಗಿಲು ತೆರೆಯುವ ಹೊತ್ತಿಗೆ ಕಾಕಾ ಟ್ಯಾಂಕರಿನ ಬಾಯಿಗೇ ಬಂದಿರುತ್ತಿದ್ದರು. ಜಾಗ ಬಿಡದವಳು ಒಬ್ಬಳೇ ಮುದುಕಿ. ಅವಳಿಗೆ ಕಿವಿ ಕೇಳುತ್ತಿರಲಿಲ್ಲ.

ಇನ್ನು ನನ್ನ ಪಾಡು! ಹತ್ತನೆಯವರೆಗೆ ಓದಿದ್ದು ಕನ್ನಡದಲ್ಲಿ, ಪಿಯುಸಿ ಸೈನ್ಸು ಇಂಗ್ಲಿಷಿನಲ್ಲಿ. ಕೆಮಿಸ್ಟ್ರಿ ಸರ್ ಬಾಯಿ ಆಡುವುದು ಕಾಣುತ್ತಿತ್ತು, ಅಷ್ಟೇ. ಟೆಸ್ಟಿನಲ್ಲಿ ನಾನು ಸರಿಯಾಗಿ ಬರೆದದ್ದು ನನ್ನ ಹೆಸರೊಂದನ್ನೇ. ಒಂದು ಸಂಜೆ ಬಟ್ಟೆಗಂಟು ಕಟ್ಟಿ, ಕಾಲೇಜು ಸಾಕು, ನಾಳೆ ಹೈದರಾಬಾದಿಗೆ ಹೋಗಿ ಅವ್ವನ ಜೊತೆ ಇಟ್ಟಿಗೆ ಹೊರುತ್ತೇನೆ ಎಂದೆ. ಕಾಕಾ ಗಂಟು ಬಿಚ್ಚಿ ಬಟ್ಟೆಯನ್ನೆಲ್ಲ ಮತ್ತೆ ಗೂಟಕ್ಕೆ ಹಾಕಿದರು.

ಬೆಳಿಗ್ಗೆ ನನ್ನನ್ನು ಎಳೆದುಕೊಂಡು ಕಾಲೇಜಿಗೇ ಬಂದರು. ಕೆಮಿಸ್ಟ್ರಿ ಸರ್ ಮರ್ಯಾದೆಗೆಂದು ಕುರ್ಚಿ ಕೊಟ್ಟರು. ಅದೇ ಅವರು ಮಾಡಿದ ತಪ್ಪು. ಕಾಕಾ ಬಿಳಿಯರಿಂದ ಸುರುಮಾಡಿದರು. ಬೆಲ್ ಹೊಡೆಯಿತು, ಕಥೆಯಲ್ಲಿ ವಿಶ್ವವಿದ್ಯಾಲಯದ ಪಾಯವೇ ಇನ್ನೂ ಮುಗಿದಿರಲಿಲ್ಲ. ಚಹಾ ಆರಿತು. ಇನ್ನೊಂದು ಬೆಲ್ಲೂ ಆಯಿತು.

"ಯಜಮಾನ್ರ, ನಿಮಗ ಏನ್ ಬೇಕಾಗೇದ್ರಿ?" ಎಂದು ಸರ್ ಕೈಮುಗಿದರು.

"ಏನಿಲ್ರಿ ಸರ್. ಪಾಠ ಆದಮ್ಯಾಲ ಅದನ್ನೇ ಒಂದ್ಸಲ ಕನ್ನಡದಾಗ ಹೇಳ್ರಿ. ಇಲ್ಲಂದ್ರ ನಾಳಿಗಿ ಮತ್ತ ಬರ್ತೇನಿ. ಕಥಿ ಇನ್ನಾ ಉಳದದ."

ಮರುದಿನದಿಂದಲೇ ಸರ್ ಪಾಠವನ್ನು ಕನ್ನಡದಲ್ಲಿ ಇನ್ನೊಮ್ಮೆ ಹೇಳತೊಡಗಿದರು. ಆಗ ಅರ್ಧ ಕ್ಲಾಸು ತಲೆಯೆತ್ತಿತು! ನಾನೊಬ್ಬಳೇ ದಡ್ಡಿ ಎಂದುಕೊಂಡಿದ್ದೆನಲ್ಲ!

ಕಾಕಾ ಕಾಲೇಜಿಗೆ ಬಂದ ದಿನ ವಾಪಸ್ ಬರುವಾಗ ಬಸ್ಸಿನಲ್ಲಿ ನಗುತ್ತಾ, ಆ ದೂರದ ಸಾಲಿ ನೀವ್ಯಾಕ ಅಷ್ಟು ಹಚ್ಚಿಕೊಂಡೀರಿ ಎಂದು ಕೇಳಿದೆ.

"ನಾ ಸಣ್ಣಾಂವ ಇದ್ದಾಗೂ ಬರ ಬಿದ್ದಿತ್ತವ್ವಾ. ಹೈದರಾಬಾದಿಗಿ ಹೋದ್ವಿ. ಸಾಲಿ ಬಾಗಲಾ ತೆರದೇ ಇತ್ತು. ಎಲ್ಲಾ ತೆಲುಗು. ಒಂದ್ ವರ್ಷ ಹಿಂದ ಕುಂತೆ, ಒಂದ್ ಮಾತೂ ತಿಳೀಲಿಲ್ಲ. ಆ ಪೇಪರಿನಾಗಿನ ಹುಡುಗರಿಗರೆ ತಿಳೀತೋ ಇಲ್ಲೋ, ನೀ ಓದಿ ಹೇಳು."

ಈಗ ನಾನು ಬೀದರದಲ್ಲಿ ಕೆಮಿಸ್ಟ್ರಿ ಹೇಳುತ್ತೇನೆ, ಎರಡೂ ಭಾಷೆಯಲ್ಲಿ. ಪೇಪರಿನಲ್ಲಿ ಹರಿದುಹೋದ ಉಳಿದರ್ಧ ಕಥೆಯನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಓದಿದೆ. ಅಲ್ಲಿಯ ಪಾಠಕ್ಕೆ ನಿಧಾನವಾಗಿ ಇಂಗ್ಲಿಷ್ ಬಂತು, ಆಮೇಲೆ ಬೇರೆ ಕಾಲೇಜುಗಳನ್ನು ಕೂಡಿಸಿ ಹೊಸ ಹೆಸರಿಟ್ಟರು. ಊರಿಗೆ ಹೋಗಿ ಎಲ್ಲ ಹೇಳಿದೆ.

"ಹೆಸರ್ ಬಿಡವ್ವಾ," ಎಂದರು ಕಾಕಾ. "ಹಿಂದ ಕುಂತಾವರಿಗಿ ತಿಳೀತೇನು?"

ಅದನ್ನು ಯಾರೂ ಬರೆದಿರಲಿಲ್ಲ. ನಾನು ಸುಳ್ಳು ಹೇಳಿದೆ.

"ತಿಳೀತ್ರಿ ಕಾಕಾ. ಯಾರೋ ಒಬ್ಬರ ಕಾಕಾ ಬಂದು ಸರ್ ಮುಂದ ಕುಂತಿದ್ರಂತ."