ಫ್ರೆಂಚ್ ಪರೀಕ್ಷೆಗೆ ಒಬ್ಬ ಮುಯ್ಯಾಳು

ಪ್ರಾಂಶುಪಾಲರ ಕಚೇರಿ, ಪದವಿ ಕಾಲೇಜು, ಶಿಕಾರಿಪುರ–ಸೊರಬ ರಸ್ತೆ
ಸಂಖ್ಯೆ: ಪಕಾ/ವಿದೇಶಿ ಭಾಷೆ/ಮೆಕ್ಕೆಜೋಳ/01

ಸುತ್ತೋಲೆ

ವಿಷಯ: ಫ್ರೆಂಚ್ ಮೌಖಿಕ ಪರೀಕ್ಷೆಗೆ ವಿದ್ಯಾರ್ಥಿನಿಯೊಬ್ಬರನ್ನು ಪಡೆಯುವ ಸಲುವಾಗಿ ಪ್ರಾಂಶುಪಾಲರನ್ನು ಹೊಲದಲ್ಲಿ ಬಿಟ್ಟು ಬಂದ ಬಗ್ಗೆ.

ಉಲ್ಲೇಖ: 1) ಮೇಲಿನವರ ಪತ್ರ.
2) ತಾಳಗುಂದದ ಶ್ರೀಮತಿ ಬಂಗಾರಮ್ಮನವರು ಬದುವಿನ ಮೇಲೆ ನಿಂತು ನೀಡಿದ ಮೌಖಿಕ ಆದೇಶ.

ಮಳೆ ಬಿಡುವು ಕೊಟ್ಟಿದ್ದರಿಂದ ತಾಲ್ಲೂಕಿನಾದ್ಯಂತ ಮೆಕ್ಕೆಜೋಳದ ಕಟಾವು ನಡೆದಿದ್ದು, ಕಾಲೇಜಿನ ಮುಂದಿನ ಡಾಂಬರು ರಸ್ತೆಯ ಅರ್ಧ ಭಾಗದಲ್ಲಿ ಕಾಳು ಒಣಗುತ್ತಿದೆ. ಉಳಿದರ್ಧದಲ್ಲಿ ಬಸ್ಸು ಬರುತ್ತಿದೆಯಾದರೂ ಅದರಿಂದ ಇಳಿಯುವ ವಿದ್ಯಾರ್ಥಿಗಳು ಕಡಿಮೆ. ಇಂಥ ದಿನಗಳಲ್ಲೇ, ಕಳೆದ ಗುರುವಾರ, ಫ್ರೆಂಚ್ ಸರ್ಟಿಫಿಕೇಟ್ ಕೋರ್ಸಿನ ಮೌಖಿಕ ಪರೀಕ್ಷೆ ನಿಗದಿಯಾಗಿತ್ತು. ಹನ್ನೆರಡು ಜನ ಹಾಜರಾಗದಿದ್ದಲ್ಲಿ ಕೋರ್ಸನ್ನು ಮುಚ್ಚಿ, ಅತಿಥಿ ಉಪನ್ಯಾಸಕಿ ಮಧುಶ್ರೀಯವರನ್ನು ಬಿಡುಗಡೆ ಮಾಡತಕ್ಕದ್ದೆಂದು ಉಲ್ಲೇಖ (1)ರಲ್ಲಿ ತಿಳಿಸಲಾಗಿದೆ. ದಾಖಲಾದವರೇ ಹನ್ನೆರಡು ಜನ. ಬೆಳಿಗ್ಗೆ ಎಣಿಸಲಾಗಿ ಹನ್ನೊಂದು ಜನ ಕಂಡುಬಂದರು. ಪ್ರಾಂಶುಪಾಲರು ಖುದ್ದಾಗಿ ಮತ್ತೆ ಎಣಿಸಿದರೂ ಸಂಖ್ಯೆ ಹೆಚ್ಚಲಿಲ್ಲ. ಬಾರದವಳು ತಾಳಗುಂದದ ಶಾಲಿನಿ. ಆದ್ದರಿಂದ ಈ ಕೆಳಕಂಡಂತೆ ಎಲ್ಲರ ಗಮನಕ್ಕೆ ತರಲಾಗಿದೆ.

1. ಪ್ರಾಂಶುಪಾಲರು ಜವಾನ ರಾಜಪ್ಪನವರ ಬೈಕಿನ ಹಿಂದೆ ಕುಳಿತು ಶಾಲಿನಿಯ ಹೊಲ ತಲುಪಿದಾಗ, ಆಕೆಯ ತಾಯಿ ಬಂಗಾರಮ್ಮನವರು ತೆನೆ ಮುರಿಯುತ್ತಿದ್ದರು. ಅವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಮೋಡ ನೋಡ್ರಿ ಸಾಹೇಬ್ರೆ, ಹೆಂಗ್ ಕಟ್ಟೈತೆ. ಬರಬೇಕಾದ ಮುಯ್ಯಾಳು ಜ್ವರ ಅಂತ ಮಲಗ್ಯಾಳೆ. ಹುಡ್ಗೀನ ಕರ್ಕಂಡು ಹೋಗ್ತೀರಾ, ಹೋಗ್ರಿ. ಒಂದಾಳು ಬಿಟ್ಟು ಹೋಗ್ರಿ." ಬೈಕ್ ಓಡಿಸಲು ರಾಜಪ್ಪನವರಿಗೆ ಮಾತ್ರ ಬರುತ್ತಿದ್ದುದರಿಂದ, ಉಳಿದವರಾದ ಪ್ರಾಂಶುಪಾಲರನ್ನು ಹೊಲದಲ್ಲಿ ಬಿಡಲಾಯಿತು.

2. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂಬ ಮುಯ್ಯಿಯ ಪದ್ಧತಿಯನ್ನು ಈ ಮೂಲಕ ಕಾಲೇಜಿಗೂ ವಿಸ್ತರಿಸಲಾಗಿದೆ. ಪರೀಕ್ಷೆಗೆ ಒಬ್ಬ ವಿದ್ಯಾರ್ಥಿಯನ್ನು ಕಳಿಸಿಕೊಡುವ ಮನೆಗೆ ಒಬ್ಬ ಅಧ್ಯಾಪಕರನ್ನು ಕೊಡತಕ್ಕದ್ದು. ಪಿಎಚ್.ಡಿ. ಆದವರನ್ನು ಮುಕ್ಕಾಲು ಆಳೆಂದು ಪರಿಗಣಿಸತಕ್ಕದ್ದು.

3. ಹೊಲದಲ್ಲಿ ಉಪನ್ಯಾಸ ನಿಷೇಧಿಸಲಾಗಿದೆ. "ಆ ಪ್ರೆಂಚು ಕಲಿತ್ರೆ ಏನ್ ಬರ್ತೈತ್ರೀ?" ಎಂದು ಬಂಗಾರಮ್ಮನವರು ಕೇಳಿದ ಪ್ರಶ್ನೆಗೆ ಪ್ರಾಂಶುಪಾಲರು ಕಾಲೇಜಿನ ಮಾಹಿತಿ ಪುಸ್ತಿಕೆಯ ನಾಲ್ಕನೇ ಪುಟವನ್ನು ಬಾಯಿಪಾಠ ಒಪ್ಪಿಸಿದರು. ಜಾಗತಿಕ ಅವಕಾಶ, ಸಾಂಸ್ಕೃತಿಕ ವಿನಿಮಯ, ವ್ಯಕ್ತಿತ್ವ ವಿಕಸನ ಎನ್ನುವಷ್ಟರಲ್ಲಿ ಆಕೆ ಎರಡು ಸಾಲು ಮುಗಿಸಿದ್ದು, ಪ್ರಾಂಶುಪಾಲರ ಕೈಯಲ್ಲಿ ಮೊದಲಿನ ತೆನೆಯೇ ಇತ್ತು. "ಬಾಯಿ ಸಾಕು, ಕೈ ಆಡ್ಸ್ರಿ" ಎಂಬ ಸೂಚನೆಯನ್ನು ಎಲ್ಲ ವಿಭಾಗಗಳಿಗೂ ಅನ್ವಯಿಸಲಾಗಿದೆ.

4. ವಿದೇಶಿ ಭಾಷೆಯ ಪ್ರಯೋಜನವನ್ನು ಕಂಡುಹಿಡಿಯಲು ರಚಿಸಿದ್ದ ಸಮಿತಿಯು ಐದು ಸಭೆಗಳಲ್ಲಿ ಮಂಡಕ್ಕಿ ಮಿರ್ಚಿ ತಿಂದಿದ್ದು ಬಿಟ್ಟರೆ ಬೇರೆ ನಿರ್ಣಯಕ್ಕೆ ಬಂದಿರಲಿಲ್ಲ. ಬಂಗಾರಮ್ಮನವರು ಆ ಪ್ರಯೋಜನವನ್ನು ತೆನೆ ಮುರಿಯುತ್ತಲೇ ಹೇಳಿದರು: "ನಿಮ್ಮ ಇಂಗ್ಲಿಷ್ ಕ್ಲಾಸಿನಾಗೆ ನನ್ ಮಗಳು ಬಾಯೇ ಬಿಡಲ್ಲ. ಪ್ಯಾಟೆ ಹುಡುಗ್ರು ನಗ್ತಾರಂತೆ. ಇದು ಹಂಗಲ್ಲಂತ್ರೀ. ಯಾರಿಗೂ ಬರಲ್ಲಂತೆ, ಎಲ್ರೂ ಒಂದೇ. ಈಗ ಎಮ್ಮೆಗೂ ಅದ್ರಾಗೇ ಬೈತಾಳೆ." ಸದರಿ ಇಂಗ್ಲಿಷ್ ತರಗತಿಯನ್ನು ಇಪ್ಪತ್ತೆರಡು ವರ್ಷದಿಂದ ತೆಗೆದುಕೊಳ್ಳುತ್ತಿರುವವರು ಈ ಸುತ್ತೋಲೆಗೆ ಸಹಿ ಮಾಡಿದವರೇ. ನಕ್ಕವರನ್ನು ಅವರು ಒಮ್ಮೆಯಾದರೂ ಗದರಿಸಿದ ಬಗ್ಗೆ ಕಡತದಲ್ಲಿ ದಾಖಲೆ ಲಭ್ಯವಿಲ್ಲ.

5. ಆದ್ದರಿಂದ ಪುಸ್ತಿಕೆಯ ನಾಲ್ಕನೇ ಪುಟವನ್ನು ರದ್ದುಪಡಿಸಿ, ಆ ಜಾಗದಲ್ಲಿ "ಇದು ಇಲ್ಲಿ ಯಾರಿಗೂ ಬರುವುದಿಲ್ಲ, ಧೈರ್ಯವಾಗಿ ಬನ್ನಿ" ಎಂದು ಮುದ್ರಿಸಲು ಆದೇಶಿಸಲಾಗಿದೆ. ಮೊದಲೇ ಫ್ರೆಂಚ್ ಬಲ್ಲವರು ಯಾರಾದರೂ ಇದ್ದಲ್ಲಿ ಅದನ್ನು ಹೊರಗೆ ತೋರಿಸಕೂಡದು.

6. ಎಮ್ಮೆ, ದನ, ಕರುಗಳಿಗೆ ಫ್ರೆಂಚಿನಲ್ಲಿ ಬೈದ ಅವಧಿಯನ್ನು ಪ್ರಾಯೋಗಿಕ ತರಗತಿಯೆಂದು ಪರಿಗಣಿಸಲಾಗುವುದು. ಪ್ರಾಣಿಯ ಮಾಲೀಕರ ದೃಢೀಕರಣ ಸಾಕು. ಪ್ರಾಣಿಗೆ ಅರ್ಥವಾಗಿದೆಯೇ ಎಂಬುದನ್ನು ಪರಿಶೀಲಿಸುವ ಅಗತ್ಯವಿಲ್ಲ. ಇತರ ತರಗತಿಗಳಲ್ಲೂ ಅದನ್ನು ಪರಿಶೀಲಿಸುತ್ತಿಲ್ಲ.

7. ಪ್ರಾಂಶುಪಾಲರನ್ನು ಮುಂದಿನ ತಿಂಗಳಿನಿಂದ ಫ್ರೆಂಚ್ ತರಗತಿಗೆ ವಿದ್ಯಾರ್ಥಿಯಾಗಿ ದಾಖಲಿಸಿಕೊಳ್ಳಲಾಗಿದೆ. ಅವರು ಮೊದಲ ಬೆಂಚಿನಲ್ಲಿ ಕೂರತಕ್ಕದ್ದು. ಅವರು ತಪ್ಪಿದಾಗ ನಗಲು ಶಾಲಿನಿಗೆ ಮಾತ್ರ ಅನುಮತಿ ಇದೆ.

8. ಶಾಲಿನಿ ಹನ್ನೆರಡನೆಯವಳಾಗಿ ಹಾಜರಾಗಿ, ಕೇಳಿದ್ದಕ್ಕಿಂತ ಹೆಚ್ಚೇ ಮಾತಾಡಿದ್ದರಿಂದ ಕೋರ್ಸೂ ಮಧುಶ್ರೀಯವರೂ ಉಳಿದಿರುತ್ತಾರೆ. ಆದರೆ ಹೊಲದ ಕಡೆಯ ಲೆಕ್ಕ ಚುಕ್ತಾ ಆಗಿಲ್ಲ. ಹನ್ನೊಂದು ಗಂಟೆಗೆ ಅಂಗೈಯಲ್ಲಿ ಬೊಬ್ಬೆ ಎದ್ದು ಪ್ರಾಂಶುಪಾಲರು ಬದುವಿನ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. "ಇವ್ರದ್ದು ಅರ್ಧಾಳು" ಎಂದು ಬಂಗಾರಮ್ಮನವರು ತೀರ್ಮಾನಿಸಿದ್ದು, ಮೇಲ್ಮನವಿಗೆ ಅವಕಾಶವಿರುವುದಿಲ್ಲ. ಬಾಕಿ ಅರ್ಧಾಳನ್ನು ಸೋಮವಾರ ಕಣದಲ್ಲಿ ತೀರಿಸಲು ಪ್ರಾಂಶುಪಾಲರು ಅರ್ಧ ದಿನದ ರಜೆ ಕೋರಿ ಪ್ರಾಂಶುಪಾಲರಿಗೆ ಅರ್ಜಿ ಸಲ್ಲಿಸಿರುತ್ತಾರೆ. ಅರ್ಜಿ ಪರಿಶೀಲನೆಯಲ್ಲಿದೆ.

ಸಹಿ/- (ಎಡಗೈಯಲ್ಲಿ)
ಗೌರೀಶಂಕರ
ಪ್ರಾಂಶುಪಾಲರು

ಪ್ರತಿಗಳು:
1. ಮಧುಶ್ರೀ, ಅತಿಥಿ ಉಪನ್ಯಾಸಕಿ: ಮಾಹಿತಿಗಾಗಿ. ಇನ್ನು ಅತ್ತು ಮುಗಿಸಬಹುದು.
2. ರಾಜಪ್ಪ, ಜವಾನ: ಬದುವಿನ ಮೇಲೆ ಕುಳಿತ ಫೋಟೋವನ್ನು ಸ್ಟಾಫ್ ವಾಟ್ಸಾಪ್ ಗುಂಪಿನಿಂದ ತಕ್ಷಣ ತೆಗೆಯಲು.
3. ಶಾಲಿನಿ, ಅಂತಿಮ ಬಿ.ಎ.: ಇಂಗ್ಲಿಷ್ ತರಗತಿಯಲ್ಲಿ ಇನ್ನು ನಕ್ಕವರು ಹೊರಗೆ ನಿಲ್ಲುವರು. ಈ ಆದೇಶ ಎರಡು ವರ್ಷ ತಡವಾಗಿದೆ. ಮನ್ನಿಸುವುದು.
4. ಶ್ರೀಮತಿ ಬಂಗಾರಮ್ಮ, ತಾಳಗುಂದ: ರಜೆ ಮಂಜೂರಾಗದಿದ್ದರೂ ಅರ್ಧಾಳು ಬರುವರು. ಊಟದ ಏರ್ಪಾಡು ಬೇಡ.